ಎತ್ತರ ಬಿಡಿ, ದಪ್ಪ ನೋಡಿ

ಎಳೆಯ ಪೈನ್ ತೋಪು ಎಷ್ಟು ಚೆನ್ನಾಗಿ ಬೆಳೆದಿದೆ ಎಂದು ತಿಳಿಯಲು ನಾವು ತಲೆಯೆತ್ತಿ ತುದಿ ನೋಡುತ್ತೇವೆ. ಮರಗಳ ನಡುವಿನ ಪೈಪೋಟಿಯ ಲೆಕ್ಕ ಸಿಗುವುದು ಅಲ್ಲಲ್ಲ, ಎದೆಮಟ್ಟದ ಕಾಂಡದಲ್ಲಿ. ಮರಗಳು ಒತ್ತೊತ್ತಾಗಿದ್ದರೆ ನೆರಳಿಗೆ ಸಿಕ್ಕ ಕೆಳಕೊಂಬೆಗಳು ಒಣಗಿ, ಹಸಿರು ಮೇಲಮೇಲಕ್ಕೆ ಸರಿಯುತ್ತದೆ. ಎಲೆ ಕಡಿಮೆಯಾದಂತೆ ಆಹಾರವೂ ಕಡಿಮೆ. ಕೈ ಬಿಗಿಯಾದ ಮನೆಯಲ್ಲಿ ಅಕ್ಕಿಬೇಳೆ ಮೊದಲು, ಒಡವೆ ಆಮೇಲೆ. ಮರವೂ ತುದಿಗೆ, ಬೇರಿಗೆ ಕೊಟ್ಟು ಮಿಕ್ಕಿದ್ದನ್ನಷ್ಟೇ ಕಾಂಡಕ್ಕೆ ಹಾಕುತ್ತದೆ. ಅಂಥ ಮರವನ್ನು ಅಡ್ಡ ಕೊಯ್ದರೆ ಅದರ ಕಥೆ ಕಣ್ಣಿಗೇ ಕಾಣುತ್ತದೆ: ತಿರುಳಿನ ಬಳಿ ಅಗಲವಾದ ಉಂಗುರಗಳು, ತೊಗಟೆಯತ್ತ ಬಂದಂತೆ ಎಣಿಸಲೂ ಕಷ್ಟವಾಗುವಷ್ಟು ಕಿರಿದಾದ ಗೆರೆಗಳು.

ಇದಕ್ಕೆ ಮದ್ದು ಥಿನ್ನಿಂಗ್, ಅಂದರೆ ಕೆಲವು ಮರ ಕಡಿದು ಉಳಿದವಕ್ಕೆ ಜಾಗ ಮಾಡಿಕೊಡುವುದು. ಆದರೆ ಕಾಡು ತನ್ನನ್ನು ತಾನೇ ತೆಳುವಾಗಿಸಿಕೊಳ್ಳುತ್ತದೆ, ನಡುವೆ ಕೊಡಲಿ ಏಕೆ ಎಂಬ ಆಕ್ಷೇಪವಿದೆ. ಅದರಲ್ಲಿ ನಿಜವೂ ಇದೆ. ಒಂದೇ ವಯಸ್ಸಿನ ಕಿಕ್ಕಿರಿದ ತೋಪಿನಲ್ಲಿ ಕಾಂಡದ ಸರಾಸರಿ ದಪ್ಪ ಇಮ್ಮಡಿಯಾಗುವ ಹೊತ್ತಿಗೆ ಸುಮಾರು ಮೂರನೇ ಒಂದು ಭಾಗ ಮರಗಳಿಗಷ್ಟೇ ಜಾಗ ಉಳಿಯುತ್ತದೆ ಎಂಬುದು ಅಮೆರಿಕದ ಅರಣ್ಯ ವಿಜ್ಞಾನಿ ರೈನೆಕೆ 1933ರಲ್ಲಿ ಕೊಟ್ಟ ಸೂತ್ರದ ಸಾರ. ಆದರೆ ಸೋಲುವವರು ಬೇಗ ಸೋತರೆ ಮಾತ್ರ ಈ ಏರ್ಪಾಡು ಸಲೀಸು. 1988ರ ಕಾಡ್ಗಿಚ್ಚಿನ ನಂತರ ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಏನಾಯಿತು ನೋಡಿ. ರಾಳದಿಂದ ಬಿಗಿದುಕೊಂಡಿದ್ದ ಲಾಡ್ಜ್‌ಪೋಲ್ ಪೈನ್ ಕಾಯಿಗಳು ಕಾವಿಗೆ ಬಿರಿದು, ಕೆಲವು ಕಡೆ ಹೆಕ್ಟೇರಿಗೆ ಐದು ಲಕ್ಷಕ್ಕೂ ಹೆಚ್ಚು ಸಸಿಗಳು ಎದ್ದವು; ಅಂದರೆ ಒಂದು ಚದರ ಮೀಟರಿನಲ್ಲಿ ಐವತ್ತು. ಎಲ್ಲವೂ ಓರಗೆಯವು, ಹೆಚ್ಚುಕಡಿಮೆ ಸಮಬಲದವು. ಇಷ್ಟು ದಟ್ಟವಾದಾಗ ಈ ಜಾತಿಯಲ್ಲಿ ಗೆಲ್ಲುವ ಮರ ಬೇಗ ಮೇಲೇಳುವುದಿಲ್ಲ, ಸೋತದ್ದು ಬೇಗ ಸಾಯುವುದೂ ಇಲ್ಲ. ದಪ್ಪದ ಜೊತೆ ಎತ್ತರವೂ ಕುಗ್ಗಿ, ಇಡೀ ಗುಂಪು ವರ್ಷಾನುಗಟ್ಟಲೆ ಕಡ್ಡಿಯಂತೆ ನಿಲ್ಲುತ್ತದೆ.

ಹಾಗೆಂದು ಥಿನ್ನಿಂಗ್ ಮಾಡಿದರೆ ಮರಮಟ್ಟು ಹೆಚ್ಚುತ್ತದೆ ಎಂದು ಹೇಳುವಂತಿಲ್ಲ. ಒಟ್ಟು ಬೆಳವಣಿಗೆ ಸಾಮಾನ್ಯವಾಗಿ ಹೆಚ್ಚುವುದಿಲ್ಲ. ಹಲವಕ್ಕೆ ಹಂಚಿಹೋಗುತ್ತಿದ್ದದ್ದು ಕೆಲವಕ್ಕೆ ಸೇರುತ್ತದೆ, ಅಷ್ಟೆ. ಅತಿಯಾಗಿ ಬಿಡಿಸಿದರೆ ಕೆಳಕೊಂಬೆಗಳು ದಪ್ಪವಾಗಿ ಹಲಗೆಯ ತುಂಬ ಗಂಟು. ತಡಮಾಡಿದರೆ ಇನ್ನೊಂದು ಅಪಾಯ: ಆಸರೆ ಕಳೆದುಕೊಂಡ ಸಣಕಲು ಮರ ಗಾಳಿಗೆ, ಹಿಮದ ಭಾರಕ್ಕೆ ಬಾಗಿ ಮುರಿಯುತ್ತದೆ. ರಾಷ್ಟ್ರೀಯ ಉದ್ಯಾನದ ಕಾಡಿಗೆ ಹಲಗೆಯ ಹಂಗಿಲ್ಲ, ಅದನ್ನು ಅದರ ಪಾಡಿಗೆ ಬಿಡುವುದೇ ಸರಿ. ಮರಮಟ್ಟಿಗೆಂದೇ ಬೆಳೆಸುವ ತೋಪಿನಲ್ಲಿ ಮಾತ್ರ, ಹಸಿರು ನೆತ್ತಿಯ ಉದ್ದ ಮರದ ಎತ್ತರದ ಮೂರನೇ ಒಂದು ಭಾಗಕ್ಕಿಂತ ಕಡಿಮೆಯಾಗುವ ಮೊದಲೇ ಕೊಡಲಿ ಎತ್ತಬೇಕು.