ಏಟು ತಿಂದ ಇನ್ನೊಬ್ಬ ಹುಡುಗ

ಮಕ್ಕಳ ಪ್ರತಿಭೆಯ ಕುರಿತು ಮಾತು ಬಂದಾಗ ಹೆಚ್ಚಾಗಿ ಉದಾಹರಿಸಲ್ಪಡುವ ಚಲನಚಿತ್ರಗಳಲ್ಲಿ ‘ಬಿಲ್ಲಿ ಎಲಿಯಟ್’ ಒಂದು. ಲೀ ಹಾಲ್ ಬರೆದು ಸ್ಟೀಫನ್ ಡಾಲ್ಡ್ರಿ ನಿರ್ದೇಶಿಸಿದ ಈ ಬ್ರಿಟಿಷ್ ಚಿತ್ರ 2000ನೆಯ ಇಸವಿಯಲ್ಲಿ ತೆರೆಕಂಡಿತು. ಬಡ ಗಣಿಕಾರ್ಮಿಕನ ಮಗನೊಬ್ಬ ಲಂಡನ್ನಿನ ರಾಯಲ್ ಬ್ಯಾಲೆ ಶಾಲೆಗೆ ಆಯ್ಕೆಯಾಗುವ ಈ ಕಥೆಯನ್ನು ಪ್ರೋತ್ಸಾಹದ ಪಾಠವೆಂದು ಹೊಗಳುವವರು ಅನೇಕರು. ಆ ಹೊಗಳಿಕೆಗೆ ಚಿತ್ರ ಅರ್ಹವೇ ಆಗಿದೆ. ಆದರೆ ಶಾಲಾಪ್ರವೇಶದ ಪರೀಕ್ಷೆಯಲ್ಲಿ ಆಯ್ಕೆಯಾಗದೆ ಮನೆಗೆ ಮರಳಿದ ಮಗುವಿನ ಹೆತ್ತವರು ಇದನ್ನು ನೋಡಬೇಕಾದ ಬಗೆ ಬೇರೆ. ಅಂಥವರಿಗೆ ಈ ಚಿತ್ರದಲ್ಲಿ ಕಲಿಯಬೇಕಾದದ್ದು ಬಿಲ್ಲಿಯ ಗೆಲುವಿನಲ್ಲಿ ಇಲ್ಲ. ಒಂದು ನಿಮಿಷವೂ ತೆರೆಯ ಮೇಲೆ ನಿಲ್ಲದ, ಹೆಸರೂ ನೆನಪಿನಲ್ಲುಳಿಯದ ಇನ್ನೊಬ್ಬ ಹುಡುಗನ ಬಳಿ ಇದೆ.

ಕಥೆ ನಡೆಯುವುದು ಇಂಗ್ಲೆಂಡಿನ ಈಶಾನ್ಯದಲ್ಲಿರುವ ಡರ್ಹ್ಯಾಮ್ ಪ್ರಾಂತ್ಯದ ಕಲ್ಲಿದ್ದಲು ಗಣಿಯ ಊರಿನಲ್ಲಿ, 1984ರ ಮಾರ್ಚ್‌ನಲ್ಲಿ ಆರಂಭವಾಗಿ ಒಂದು ವರ್ಷ ನಡೆದ ಗಣಿಕಾರ್ಮಿಕರ ಮುಷ್ಕರದ ಕಾಲದಲ್ಲಿ. ಹನ್ನೊಂದು ವರ್ಷದ ಬಿಲ್ಲಿಗೆ ತಾಯಿಯಿಲ್ಲ. ತಂದೆಯೂ ಅಣ್ಣನೂ ಮುಷ್ಕರದಲ್ಲಿದ್ದಾರೆ. ಮನೆಗೆ ಸಂಬಳ ಬರುತ್ತಿಲ್ಲ. ಮುಷ್ಟಿಯುದ್ಧ ಕಲಿಯಲೆಂದು ಹೋದ ಹುಡುಗ ಅದೇ ಸಭಾಂಗಣದ ಇನ್ನೊಂದು ಬದಿಯಲ್ಲಿ ನಡೆಯುತ್ತಿದ್ದ ನೃತ್ಯದ ತರಗತಿಗೆ ಮನಸೋಲುತ್ತಾನೆ. ಶಿಕ್ಷಕಿ ಅವನಲ್ಲಿರುವುದನ್ನು ಗುರುತಿಸುತ್ತಾಳೆ, ತಂದೆ ಕೆರಳುತ್ತಾನೆ, ಕೊನೆಗೆ ಮಗನ ಕುಣಿತವನ್ನು ಕಣ್ಣಾರೆ ಕಂಡು ಕರಗುತ್ತಾನೆ. (ಚಿತ್ರದಲ್ಲಿ ಬೈಗುಳದ ಮಾತುಗಳು ಧಾರಾಳವಾಗಿವೆ, ಬ್ರಿಟನ್ನಿನಲ್ಲಿ ಇದಕ್ಕೆ ದೊರೆತದ್ದು 15 ವರ್ಷ ಮೇಲ್ಪಟ್ಟವರಿಗೆ ಎಂಬ ಪ್ರಮಾಣಪತ್ರ. ಆದುದರಿಂದ ಧರ್ಮೋಪದೇಶದ ಮಕ್ಕಳನ್ನು ಕೂಡಿಸಿ ತೋರಿಸುವ ಮುನ್ನ ಹಿರಿಯರು ತಾವು ನೋಡುವುದು ಕ್ಷೇಮ.)

ಇನ್ನು ಆ ದೃಶ್ಯ. ಬಿಲ್ಲಿ ಲಂಡನ್ನಿಗೆ ಹೋಗಿ ಪರೀಕ್ಷಕರ ಮುಂದೆ ಕುಣಿದು ಮುಗಿಸಿದ್ದಾನೆ. ಎಲ್ಲವೂ ಕೆಟ್ಟಿತೆಂದೇ ಅವನ ಎಣಿಕೆ. ಬಟ್ಟೆ ಬದಲಿಸುವ ಕೋಣೆಯಲ್ಲಿ ಮುಖ ಸಪ್ಪೆ ಮಾಡಿಕೊಂಡು ಕುಳಿತವನ ಬಳಿಗೆ ಅದೇ ಪರೀಕ್ಷೆಗೆ ಬಂದ ಮತ್ತೊಬ್ಬ ಹುಡುಗ ಬರುತ್ತಾನೆ. ಒಳ್ಳೆಯ ಮನೆತನದವನೆಂಬುದು ಮಾತಿನ ಧಾಟಿಯಲ್ಲೇ ಗೊತ್ತಾಗುತ್ತದೆ. ಬೇಸರಪಡಬೇಡ, ಮುಂದಿನ ವರ್ಷ ಇದ್ದೇ ಇದೆ ಎಂಬರ್ಥದ ಸಾಂತ್ವನ ಹೇಳುತ್ತಾನೆ. ಬಿಲ್ಲಿ ಅವನ ಮುಖಕ್ಕೆ ಗುದ್ದುತ್ತಾನೆ.

ಪ್ರೇಕ್ಷಕರು ಇಲ್ಲಿ ನಗುವುದುಂಟು. ನಗುವ ಪ್ರಸಂಗವೇನೂ ಇದಲ್ಲ. ಏಟು ತಿಂದ ಹುಡುಗ ಯಾವ ತಪ್ಪನ್ನೂ ಮಾಡಿಲ್ಲ. ನಾವೆಲ್ಲರೂ ಹೇಳುವ ಮಾತನ್ನೇ ಹೇಳಿದ್ದಾನೆ. ಆ ಮಾತು ಬಿಲ್ಲಿಗೆ ಏಕೆ ಚುಚ್ಚಿತು? ಆ ಹುಡುಗನಿಗೆ ಮುಂದಿನ ವರ್ಷವೆಂಬುದು ನಿಜವಾಗಿಯೂ ಇದೆ, ಬಿಲ್ಲಿಗೆ ಇಲ್ಲ. ಬಿಲ್ಲಿಯ ಈ ಒಂದು ಪ್ರಯಾಣಕ್ಕಾಗಿ ತಂದೆ ತೀರಿಕೊಂಡ ಹೆಂಡತಿಯ ಒಡವೆಗಳನ್ನು ಅಡವಿಟ್ಟಿದ್ದಾನೆ. ಅದಕ್ಕೂ ಮೊದಲು, ತಾನೇ ಕಟ್ಟಿನಿಂತ ಮುಷ್ಕರವನ್ನು ಮುರಿದು ಕೆಲಸಕ್ಕೆ ಮರಳಲು ಬಸ್ಸು ಹತ್ತಿ, ಹಿರಿಯ ಮಗನ ಮುಂದೆ ಗೊಳೋ ಎಂದು ಅತ್ತಿದ್ದಾನೆ. ಹನ್ನೊಂದು ವರ್ಷದ ಹೆಗಲ ಮೇಲೆ ಅಷ್ಟು ಭಾರವಿದೆ. ಸಾಂತ್ವನದ ಮಾತಿಗೂ ಮನೆಯ ಹಣಕಾಸಿಗೂ ಇರುವ ಈ ನಂಟನ್ನು ಇಷ್ಟು ಚಿಕ್ಕ ದೃಶ್ಯದಲ್ಲಿ ತೋರಿಸಿರುವುದು ಚಿತ್ರದ ಹಿರಿಮೆ.

ನಮ್ಮ ನಾಡಿನಲ್ಲಿ ಇದಕ್ಕೆ ಹತ್ತಿರದ ಅನುಭವ ನವೋದಯ ಪರೀಕ್ಷೆಯದು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಆಶಯದಂತೆ ಗ್ರಾಮೀಣ ಭಾಗದ ಪ್ರತಿಭಾವಂತ ಮಕ್ಕಳಿಗಾಗಿ ಬೆಳೆದ ಜವಾಹರ ನವೋದಯ ವಿದ್ಯಾಲಯಗಳು ಆರನೆಯ ತರಗತಿಗೆ ಮಕ್ಕಳನ್ನು ಆರಿಸಿಕೊಳ್ಳುತ್ತವೆ. ಒಂದು ಶಾಲೆಯಲ್ಲಿ ಹೆಚ್ಚೆಂದರೆ 80 ಸ್ಥಾನಗಳು. ಅವುಗಳಲ್ಲಿ ಮುಕ್ಕಾಲು ಪಾಲಾದರೂ ಗ್ರಾಮೀಣ ಮಕ್ಕಳಿಗೆ. ಎರಡು ಗಂಟೆಯ ಪರೀಕ್ಷೆ: ಬೌದ್ಧಿಕ ಸಾಮರ್ಥ್ಯ, ಅಂಕಗಣಿತ, ಭಾಷೆ ಸೇರಿ 80 ಪ್ರಶ್ನೆಗಳು. ಸರ್ಕಾರಿ ಶಾಲೆಯ ಬಡ ಮಗುವಿಗೆ ಉಚಿತ ವಸತಿ, ಊಟ, ಒಳ್ಳೆಯ ಶಿಕ್ಷಣ ದೊರಕಿಸಿದ ಈ ವ್ಯವಸ್ಥೆಯನ್ನು ನಾನು ಹಳಿಯಲಾರೆ. ಆದರೆ ಅದರ ನಿಯಮವೊಂದು ಹೆತ್ತವರಿಗೆ ತಿಳಿದಿರಬೇಕು: ಆರನೆಯ ತರಗತಿಯ ಈ ಪರೀಕ್ಷೆಯನ್ನು ಒಂದು ಮಗು ಒಂದೇ ಬಾರಿ ಬರೆಯಬಹುದು. ಎರಡನೆಯ ಅವಕಾಶವಿಲ್ಲ. ಒಂಬತ್ತನೆಯ ತರಗತಿಯಲ್ಲಿ ತೆರವಾದ ಸ್ಥಾನಗಳಿಗೆ ಬೇರೊಂದು ಪರೀಕ್ಷೆ ಇದೆ, ನಿಜ. ಹತ್ತು ವರ್ಷದ ಮಗುವಿಗೆ ಅದು ಇನ್ನೊಂದು ಯುಗದ ಮಾತು. ಹೀಗಿರುವಾಗ ಅಂಗಳಕ್ಕೆ ಬಂದ ಚಿಕ್ಕಪ್ಪನೋ ಅತ್ತೆಯೋ ‘ಹೋಗಲಿ ಬಿಡು ಮಗೂ, ಮುಂದಿನ ವರ್ಷ ಬರೆದರಾಯಿತು’ ಎಂದರೆ ಅದು ಸಾಂತ್ವನವೂ ಅಲ್ಲ, ಸತ್ಯವೂ ಅಲ್ಲ. ಮಗುವಿಗೆ ನಿಯಮ ಗೊತ್ತು. ತರಬೇತಿಯ ಮೇಷ್ಟ್ರು ಅದನ್ನು ನೂರು ಸಲ ಹೇಳಿ ಹೆದರಿಸಿರುತ್ತಾರೆ.

ಒಡವೆಯ ಮಾತೂ ನಮಗೆ ದೂರದ್ದಲ್ಲ. ನವೋದಯ ತರಬೇತಿಗೆಂದು ನಾಲ್ಕನೆಯ, ಐದನೆಯ ತರಗತಿಯಲ್ಲೇ ಮಕ್ಕಳನ್ನು ವಸತಿ ಕೇಂದ್ರಗಳಿಗೆ ಬಿಡುವ ಕುಟುಂಬಗಳಿವೆ. ಸಾಲ ಮಾಡಿ ಶುಲ್ಕ ಕಟ್ಟುವವರಿದ್ದಾರೆ. ಆ ತ್ಯಾಗ ಪವಿತ್ರವಾದದ್ದು. ಆದರೆ ದಿನಕ್ಕೆ ಮೂರು ಬಾರಿ ಮಗುವಿನ ಕಿವಿಗೆ ಬಿದ್ದ ತ್ಯಾಗ ಸಾಲವಾಗಿ ಮಾರ್ಪಡುತ್ತದೆ. ಫಲಿತಾಂಶ ಬಂದ ದಿನ ತನ್ನ ಸಂಖ್ಯೆ ಪಟ್ಟಿಯಲ್ಲಿಲ್ಲವೆಂದು ಅರಿತ ಮಗು ಅಳುವುದು ಶಾಲೆ ತಪ್ಪಿತೆಂದು ಮಾತ್ರವಲ್ಲ, ಆ ಸಾಲ ತೀರಲಿಲ್ಲವೆಂದೂ ಅಳುತ್ತದೆ. ಬಿಲ್ಲಿಯ ಮುಷ್ಟಿಯಲ್ಲಿದ್ದದ್ದೂ ಅದೇ ಸಾಲ.

ಚಿತ್ರದಲ್ಲಿ ಹೆತ್ತವರು ಮತ್ತೆ ಮತ್ತೆ ನೋಡಬೇಕಾದ ಇನ್ನೊಂದು ದೃಶ್ಯವಿದೆ. ಶಾಲೆಯಿಂದ ಪತ್ರ ಬಂದಿದೆ. ತಂದೆ, ಅಣ್ಣ, ಅಜ್ಜಿ ಮೂವರೂ ಅದನ್ನು ನೋಡುತ್ತ ಕುಳಿತಿದ್ದಾರೆ, ಯಾರೂ ಒಡೆದಿಲ್ಲ. ಬಿಲ್ಲಿ ಬರುತ್ತಾನೆ, ಪತ್ರವನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ. ಬಹಳ ಹೊತ್ತು ಸದ್ದಿಲ್ಲ. ತಡೆಯಲಾರದೆ ತಂದೆ ಬಾಗಿಲು ತೆರೆದಾಗ ಮಗ ಅಳುತ್ತಿರುತ್ತಾನೆ. ಆಯ್ಕೆಯಾದೆ ಎಂದು ಅವನು ಬಾಯಿ ಬಿಡುವವರೆಗಿನ ಆ ಕೆಲವು ಕ್ಷಣಗಳಲ್ಲಿ ಆ ಗಣಿಕಾರ್ಮಿಕ ಸೋತ ಮಗನ ತಂದೆಯಾಗಿಯೇ ನಿಂತಿರುತ್ತಾನೆ. ಗ್ಯಾರಿ ಲೂಯಿಸ್ ಎಂಬ ನಟ ಆ ನಿಲುವಿಗೆ ಮಾತಿನ ಹಂಗೇ ಇಲ್ಲದಂತೆ ಜೀವ ತುಂಬಿದ್ದಾರೆ.

ಇಲ್ಲಿ ಗಮನಿಸಬೇಕಾದದ್ದು ಒಡೆಯದ ಲಕೋಟೆ. ತನ್ನ ಸುದ್ದಿಯನ್ನು ತಾನೇ ಮೊದಲು ಓದುವ ಹಕ್ಕನ್ನು ಆ ಬಡಮನೆ ಮಗುವಿಗೆ ಕೊಟ್ಟಿದೆ. ನಮ್ಮಲ್ಲಿ ಫಲಿತಾಂಶ ಮೊದಲು ಬರುವುದು ಮಾವನ ಮೊಬೈಲಿಗೆ. ಅಲ್ಲಿಂದ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ. ಮಗು ಶಾಲೆಯಿಂದ ಬರುವಷ್ಟರಲ್ಲಿ ಮಂಗಳೂರಿನ ಚಿಕ್ಕಮ್ಮನಿಗೂ ದುಬೈಯ ದೊಡ್ಡಪ್ಪನಿಗೂ ಅದರ ಸೋಲು ಗೊತ್ತಾಗಿ, ಕೈಮುಗಿದ ಚಿತ್ರಗಳೂ ಬೈಬಲ್ ವಾಕ್ಯಗಳೂ ಬಂದು ಬಿದ್ದಿರುತ್ತವೆ. ಅವಮಾನ ಹುಟ್ಟುವುದು ಇಲ್ಲಿಯೇ.

ಬೈಬಲ್ ವಾಕ್ಯದ ವಿಷಯ ಬಂದುದರಿಂದ ಒಂದು ಮಾತು ಹೇಳಲೇಬೇಕು. ಇಂಥ ಹೊತ್ತಿನಲ್ಲಿ ನಮ್ಮ ಕ್ರೈಸ್ತ ಮನೆಗಳಲ್ಲಿ ಥಟ್ಟನೆ ಹೊರಡುವ ಮಾತು ‘ದೇವರ ಚಿತ್ತ’. ಹಿರಿಯರು ತಮ್ಮ ದುಃಖಕ್ಕೆ ಹೇಳಿಕೊಂಡರೆ ಅದು ವಿಶ್ವಾಸದ ಮಾತು. ಅತ್ತು ಮುಗಿಸದ ಹತ್ತು ವರ್ಷದ ಮಗುವಿಗೆ ಹೇಳಿದರೆ ಅದು ಕೇಳಿಸಿಕೊಳ್ಳುವುದು ಬೇರೆ: ಪರೀಕ್ಷಕರು ನನ್ನನ್ನು ಬಿಟ್ಟರು, ಅವರ ಹಿಂದೆ ದೇವರೂ ಬಿಟ್ಟರು. ಯೋಬನ ಮೂವರು ಗೆಳೆಯರು ಅವನ ಬಳಿ ಏಳು ಹಗಲು ಏಳು ರಾತ್ರಿ ಒಂದು ಮಾತೂ ಆಡದೆ ನೆಲದ ಮೇಲೆ ಕುಳಿತರು. ಅವರ ಸ್ನೇಹ ಸೊಗಸಾಗಿದ್ದದ್ದು ಆ ಏಳು ದಿನ. ಬಾಯಿ ತೆರೆದು ದೇವರ ಪರವಾಗಿ ವಾದಿಸತೊಡಗಿದ ಮೇಲೆ ಕೆಟ್ಟಿತು. ಲಂಡನ್ನಿನ ಆ ಹುಡುಗನಿಗೆ ಏಳು ನಿಮಿಷವೂ ಸುಮ್ಮನಿರಲಾಗಲಿಲ್ಲ. ನಮಗಾದರೂ ಆಗುತ್ತದೆಯೇ?

ಹಾಗಾದರೆ ಏನು ಹೇಳಬೇಕು? ಮೊದಲ ದಿನ ಬಹಳವೇನೂ ಬೇಡ. ಅಳಲಿ, ಹಸಿದಾಗ ಅನ್ನ ಬಡಿಸಿ. ಮರುದಿನವೋ ಮೂರನೆಯ ದಿನವೋ ಲೆಕ್ಕವನ್ನು ಲೆಕ್ಕವಾಗಿಯೇ ಹೇಳಬಹುದು. ಜಿಲ್ಲೆಯಲ್ಲಿ ಎಂಟು ಸಾವಿರ ಮಕ್ಕಳು ಬರೆದರೆಂದು ಇಟ್ಟುಕೊಳ್ಳಿ. ಸ್ಥಾನಗಳು ಎಂಬತ್ತು. ನೂರರಲ್ಲಿ ತೊಂಬತ್ತೊಂಬತ್ತು ಮಕ್ಕಳು ಹೊರಗುಳಿಯಲೇಬೇಕು. ಆ ತೊಂಬತ್ತೊಂಬತ್ತೂ ದಡ್ಡರಾಗಿರಲು ಸಾಧ್ಯವಿಲ್ಲವೆಂದು ಐದನೆಯ ತರಗತಿಯ ಮಗು ತಾನೇ ಕಂಡುಕೊಳ್ಳುತ್ತದೆ. ಇದರ ಬದಲು ಪರೀಕ್ಷೆಯೇ ಮೋಸ, ಆಯ್ಕೆಯಾದವರೆಲ್ಲ ಹಣ ಕೊಟ್ಟವರು ಎಂದು ಸಮಾಧಾನ ಮಾಡಿದರೆ, ಕುಣಿಯಲಾರದವಳು ನೆಲ ಡೊಂಕು ಎಂದ ಗಾದೆಯನ್ನು ಮಗುವಿಗೆ ಬದುಕಿನ ದಾರಿಯಾಗಿ ಕಲಿಸಿದಂತಾಗುತ್ತದೆ. ಜೊತೆಗೆ ಆಯ್ಕೆಯಾದ ಗೆಳೆಯನನ್ನೂ ಅದರಿಂದ ಕಿತ್ತುಕೊಂಡಂತೆ. ಲೊಯೋಲದ ಸಂತ ಇಗ್ನೇಷಿಯಸರು ತಮ್ಮ ಆಧ್ಯಾತ್ಮಿಕ ಸಾಧನೆಗಳ ಗ್ರಂಥದಲ್ಲಿ, ಮನಸ್ಸು ಕುಗ್ಗಿದ ವೇಳೆಯಲ್ಲಿ ಮೊದಲಿನ ನಿರ್ಧಾರಗಳನ್ನು ಬದಲಿಸಬಾರದೆಂಬ ನಿಯಮವನ್ನು ಕೊಟ್ಟಿದ್ದಾರೆ. ಅದು ಧ್ಯಾನಕೂಟಕ್ಕೆ ಬಂದವರಿಗೆ ಬರೆದದ್ದಾದರೂ ಫಲಿತಾಂಶದ ವಾರದ ಹೆತ್ತವರಿಗೂ ಸಲ್ಲುತ್ತದೆ. ಊರಶಾಲೆ ಬಿಡಿಸುವುದು, ಬೇರೆ ಪರೀಕ್ಷೆಗೆ ಬೇರೆ ತರಬೇತಿಗೆ ಹಣ ಕಟ್ಟುವುದು, ಚಿತ್ರಕಲೆ ಹಾಡು ಆಟ ಎಲ್ಲ ಸಾಕೆಂದು ಘೋಷಿಸುವುದು, ಇವನ್ನೆಲ್ಲ ಒಂದು ತಿಂಗಳು ಮುಂದೂಡಿದರೆ ಏನೂ ಮುಳುಗಿಹೋಗದು.

ಮತ್ತೆ ಚಿತ್ರಕ್ಕೆ ಬಂದರೆ, ನನ್ನ ಆಕ್ಷೇಪ ಅದರ ಕೊನೆಯ ಬಗ್ಗೆ. ವರ್ಷಗಳು ಉರುಳಿ, ತಂದೆಯೂ ಅಣ್ಣನೂ ಲಂಡನ್ನಿನ ರಂಗಮಂದಿರದಲ್ಲಿ ಕುಳಿತಿರುವಾಗ ಬೆಳೆದುನಿಂತ ಬಿಲ್ಲಿ ವೇದಿಕೆಯ ಮೇಲೆ ಚಿಮ್ಮುತ್ತಾನೆ. ಕಣ್ಣು ತುಂಬಿಬರುವ ದೃಶ್ಯವೇ. ಆದರೂ, ಅಡವಿಟ್ಟ ಒಡವೆ ಸಾರ್ಥಕವಾಯಿತೇ ಎಂಬ ಪ್ರಶ್ನೆಗೆ ಚಿತ್ರ ಯಶಸ್ಸಿನ ಮೂಲಕವೇ ಉತ್ತರಿಸಿಬಿಡುತ್ತದೆ. ಪತ್ರದಲ್ಲಿ ‘ಇಲ್ಲ’ ಎಂದಿದ್ದರೆ ತಂದೆಯ ಪ್ರೀತಿ ವ್ಯರ್ಥವಾಗುತ್ತಿತ್ತೇ? ಆ ಪ್ರಶ್ನೆಯ ಹೊಸ್ತಿಲವರೆಗೆ ಬಂದ ಚಿತ್ರ ಒಳಗೆ ಕಾಲಿಡಲಿಲ್ಲ. ನಮ್ಮವರೇ ಆದ ಆಮಿರ್ ಖಾನರ ‘ತಾರೆ ಜಮೀನ್ ಪರ್’ (2007) ಕೂಡ ಅಷ್ಟೇ: ಅಂಕಗಳ ಓಟವನ್ನು ಖಂಡಿಸಿದ ಆ ಚಿತ್ರ ಕೊನೆಗೆ ಹುಡುಗನಿಗೆ ಚಿತ್ರಕಲಾ ಸ್ಪರ್ಧೆಯ ಮೊದಲ ಸ್ಥಾನ ಕೊಟ್ಟೇ ಸಮಾಧಾನ ಪಡೆಯುತ್ತದೆ. ಯಾಜಕರಾದ ನಾವೂ ಬೇರೆಯಲ್ಲ. ಲ್ಯಾಟಿನ್ ಭಾಷೆ ತಲೆಗೆ ಹತ್ತದೆ ಗುರುಮಠದಿಂದ ಹೊರಬಿದ್ದ ಜಾನ್ ಮರಿಯ ವಿಯಾನ್ನಿಯವರು 1815ರಲ್ಲಿ ಗುರುದೀಕ್ಷೆ ಪಡೆದು ಸಂತರಾದರೆಂದು ಪ್ರಬೋಧನೆಯಲ್ಲಿ ಹೇಳುತ್ತೇವೆ. ಸೋತು ಅನಂತರ ಗೆದ್ದವರ ಕಥೆಗಳನ್ನೇ ಕೇಳಿಸಿಕೊಂಡ ಮಗು, ಗೆಲ್ಲುವ ತನಕ ತನ್ನ ಸೋಲಿಗೆ ಕ್ಷಮೆಯಿಲ್ಲವೆಂದು ತಿಳಿಯುತ್ತದೆ.

ದಾವೀದನ ಕಥೆಯೂ ಎರಡು ಅಲಗಿನದು. ಕಡೆಯ ಮಗ ಆಯ್ಕೆಯಾದನೆಂದು ಚಿಕ್ಕವರಿಗೆ ಹೇಳಿ ಹುರಿದುಂಬಿಸುತ್ತೇವೆ. ಸಮುವೇಲನ ಮುಂದೆ ಒಬ್ಬೊಬ್ಬರಾಗಿ ಹಾದುಹೋಗಿ ಬೇಡವೆನಿಸಿಕೊಂಡ ಏಳು ಅಣ್ಣಂದಿರ ಕಡೆಗೆ ತಿರುಗುವುದಿಲ್ಲ. ಮುಂದಿನ ಅಧ್ಯಾಯದಲ್ಲೇ ಹಿರಿಯಣ್ಣ ಎಲೀಯಾಬ ರಣರಂಗದಲ್ಲಿ ತಮ್ಮನ ಮೇಲೆ ಹರಿಹಾಯುತ್ತಾನೆ. ಆ ಸಿಡುಕಿನ ಬೇರು ಎಲ್ಲಿದ್ದೀತೆಂದು ಎರಡು ಮಕ್ಕಳಿರುವ ತಾಯಂದಿರಿಗೆ ಹೇಳಿಕೊಡಬೇಕಾಗಿಲ್ಲ.

ಈ ವಿಷಯಕ್ಕೆ ನನಗೆ ಹೆಚ್ಚು ಒಪ್ಪುವುದು ಪ್ರೇಷಿತರ ಕಾರ್ಯಕಲಾಪಗಳ ಮೊದಲನೆಯ ಅಧ್ಯಾಯ. ಯೂದನಿಂದ ತೆರವಾದ ಒಂದೇ ಸ್ಥಾನಕ್ಕೆ ಇಬ್ಬರು. ಪೇತ್ರ ಮುಂದಿಟ್ಟ ಅರ್ಹತೆ, ಯೊವಾನ್ನನ ಸ್ನಾನದೀಕ್ಷೆಯ ದಿನದಿಂದ ಪ್ರಭುವಿನ ಜೊತೆಗಿದ್ದವರಾಗಿರಬೇಕೆಂಬುದು. ಅದು ಇಬ್ಬರಿಗೂ ಇತ್ತು. ಚೀಟಿ ಮತ್ತೀಯನಿಗೆ ಬಿತ್ತು. ಅಲ್ಲಿ ಪ್ರೇಷಿತರು ಪ್ರಾರ್ಥನೆ ಮಾಡಿ ಚೀಟಿ ಹಾಕಿದರು. ಇಲ್ಲಿ ಉತ್ತರಪತ್ರಿಕೆಯನ್ನು ಯಂತ್ರ ತಿದ್ದುತ್ತದೆ, ಆದ್ದರಿಂದ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಆದರೆ ಆಯ್ಕೆಯಾಗದವನನ್ನು ಲೂಕ ನಡೆಸಿಕೊಂಡ ರೀತಿಯನ್ನು ನೋಡಿ: ಜೋಸೆಫ್, ಬಾರ್ಸಬ ಎಂದೂ ಕರೆಯುತ್ತಿದ್ದರು, ಯುಸ್ತ ಎಂಬ ಹೆಸರೂ ಇತ್ತು. ಗೆದ್ದ ಮತ್ತೀಯನಿಗೆ ಒಂದು ಹೆಸರು, ಹೊರಗುಳಿದವನಿಗೆ ಮೂರು. ಅವನು ಮುನಿದು ಹೊರಟುಹೋದನೆಂದು ಎಲ್ಲಿಯೂ ಬರೆದಿಲ್ಲ. ಬೇರೆಡೆ ಇನ್ನೂ ದೊಡ್ಡ ಪದವಿ ಪಡೆದನೆಂದೂ ಬರೆದಿಲ್ಲ. ಅವನು ಒಮ್ಮೆ ವಿಷ ಕುಡಿದೂ ಪ್ರಭುವಿನ ಕೃಪೆಯಿಂದ ಅಪಾಯವಿಲ್ಲದೆ ಉಳಿದನೆಂಬ ಮಾತನ್ನು ಪಾಪಿಯಾಸನಿಂದ ಎತ್ತಿಕೊಂಡು ಇತಿಹಾಸಕಾರ ಎವುಸೇಬಿಯುಸ್ ದಾಖಲಿಸಿದ್ದಾನೆ. ಹೊಸ ಒಡಂಬಡಿಕೆಯಲ್ಲಿ ಮುಂದೆ ಮತ್ತೀಯನ ಹೆಸರೂ ಬರುವುದಿಲ್ಲ.

ಧರ್ಮಕೇಂದ್ರದ ಹಬ್ಬದ ಸಭೆಗಳಲ್ಲಿ ಆಯ್ಕೆಯಾದ ಮಕ್ಕಳನ್ನು ವೇದಿಕೆಗೆ ಕರೆದು ಶಾಲು ಹೊದಿಸುವುದು ರೂಢಿ. ಅದೇ ತರಗತಿಯಲ್ಲಿ ಕುಳಿತು ಅದೇ ಪರೀಕ್ಷೆ ಬರೆದ ಇನ್ನೊಂದು ಮಗು ಮೂರನೆಯ ಬೆಂಚಿನಲ್ಲಿ ಚಪ್ಪಾಳೆ ತಟ್ಟುತ್ತಿರುತ್ತದೆ. ಶಾಲು ಬೇಡವೆನ್ನಲಾರೆ. ಪರೀಕ್ಷೆಗೆ ಮುಂಚಿನ ಭಾನುವಾರದ ಬಲಿಪೂಜೆಯ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಬರೆಯುವ ಮಕ್ಕಳೆಲ್ಲರ ಹೆಸರನ್ನು ಒಂದೊಂದಾಗಿ ಓದಿ, ಫಲಿತಾಂಶ ಬಂದ ಮರುವಾರ ಅವೇ ಹೆಸರುಗಳನ್ನು ಅದೇ ಕ್ರಮದಲ್ಲಿ, ಯಾರು ಗೆದ್ದರು ಯಾರು ಉಳಿದರು ಎನ್ನದೆ, ಮತ್ತೊಮ್ಮೆ ಓದಬಹುದು. ನಮ್ಮ ಯಾವ ಧರ್ಮಕೇಂದ್ರದಲ್ಲಿಯೂ ಆ ಪಟ್ಟಿ ಎರಡು ನಿಮಿಷಕ್ಕಿಂತ ಉದ್ದವಿರಲಾರದು.