ತುಳಿಯುವುದು ಯಾರು?

"ಬ್ಯಾಟ್ರಿ ಇಪ್ಪು ಸೈಕಲ್ಲಿಗೆ ಕಾಲ್ ಎಂತಕ್ಕೆ ಟೀಚರೇ?" ಕುಂದಾಪುರದ ಸಂತೆಯಲ್ಲಿ ಪರಿಚಯದವರೊಬ್ಬರು ಕೇಳಿದರು. ಸುತ್ತಲಿದ್ದವರು ನಕ್ಕರು, ನಾನೂ ನಕ್ಕೆ. ಆದರೆ ಮೊಣಕಾಲು ನೋವು, ಸಕ್ಕರೆ ಎರಡೂ ಇರುವ ನನಗೆ ಆ ಪ್ರಶ್ನೆ ಬರೀ ತಮಾಷೆಯಲ್ಲ. ನಾನು ಮಾಡುತ್ತಿರುವುದು ವ್ಯಾಯಾಮವೇ ಅಥವಾ ವ್ಯಾಯಾಮ ಮಾಡಿದೆನೆಂಬ ಸಮಾಧಾನವೇ?

ಮೊದಲು ವಸ್ತುವನ್ನೇ ನೋಡೋಣ. ಒಂದೇ ಹೆಸರಿನಲ್ಲಿ ಎರಡು ಬಗೆಯ ಗಾಡಿಗಳು ಮಾರಾಟವಾಗುತ್ತವೆ. ಒಂದರಲ್ಲಿ ಪೆಡಲು ತುಳಿದರೆ ಮಾತ್ರ ಮೋಟಾರು ಕೈಜೋಡಿಸುತ್ತದೆ. ತುಳಿಯುವುದು ನಿಂತರೆ ಅದೂ ನಿಲ್ಲುತ್ತದೆ. ಇನ್ನೊಂದರಲ್ಲಿ ಹಿಡಿ ತಿರುವಿದರೆ ಸಾಕು, ಕಾಲಿಗೆ ರಜೆ. ಕೆಲವು ಸೈಕಲ್ಲುಗಳಲ್ಲಿ ಎರಡೂ ಉಂಟು. ಮೋಟಾರು 250 ವಾಟ್‌ಗಿಂತ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆಯಿದ್ದು ಮಾನ್ಯತೆ ಪಡೆದ ಗಾಡಿಗೆ ನೋಂದಣಿಯೂ ಬೇಡ, ಲೈಸನ್ಸೂ ಬೇಡ. ನೀವು ತುಳಿದಿರೋ ಇಲ್ಲವೋ ಎಂದು ಕಾನೂನು ಕೇಳುವುದಿಲ್ಲ. ದೇಹ ಕೇಳುತ್ತದೆ.

ತುಳಿದರೆ ಫಲವುಂಟೆ? 2016ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದವರು ವ್ಯಾಯಾಮದ ರೂಢಿಯಿಲ್ಲದ 20 ಮಂದಿಗೆ ಇಂಥ ಸೈಕಲ್ ಕೊಟ್ಟು, ವಾರಕ್ಕೆ ಮೂರು ದಿನ 40 ನಿಮಿಷ ತುಳಿಸಿದರು. ಒಂದೇ ತಿಂಗಳಲ್ಲಿ ಅವರ ದಮ್ಮು ಹೆಚ್ಚಿತು, ಸಕ್ಕರೆ ಹತೋಟಿಗೆ ಬಂತು. 20 ಮಂದಿ ದೊಡ್ಡ ಲೆಕ್ಕವಲ್ಲ, ನಿಜ. ಆದರೆ 2019ರಲ್ಲಿ ಪ್ರಕಟವಾದ ಯುರೋಪಿನ ಏಳು ನಗರಗಳ ಅಧ್ಯಯನವೂ ಅದೇ ದಿಕ್ಕಿಗೆ ಬೆರಳು ತೋರಿಸಿತು: ಮೋಟಾರು ಶ್ರಮ ತಗ್ಗಿಸುತ್ತದೆ, ಆದರೆ ಅದಿರುವವರು ಹೆಚ್ಚು ದೂರ ಹೋಗುವುದರಿಂದ ಒಟ್ಟು ಶ್ರಮ ಸಾಮಾನ್ಯ ಸೈಕಲ್ಲಿನವರಿಗೆ ಸರಿದೂಗುತ್ತದೆ. ಮರವಂತೆಯಲ್ಲಿ ಮಧ್ಯಾಹ್ನದ ಕಡಲಗಾಳಿಗೆ ಎದುರಾದವರಿಗೆ, ಬೈಂದೂರಿನ ಒತ್ತಿನೆಣೆ ಏರು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಸಹಾಯವಿಲ್ಲದಿದ್ದರೆ ಸೈಕಲ್ ಅಂಗಳದಿಂದ ಹೊರಡುವುದೇ ಇಲ್ಲ.

ನನ್ನ ತಕರಾರೂ ಉಂಟು. "ಬೆವರದೆ ವ್ಯಾಯಾಮ" ಎಂಬ ಮಾರುಕಟ್ಟೆ ಮಾತು ಸುಳ್ಳು. ಮಾತಾಡಲು ಬರಬೇಕು, ಹಾಡಲು ಬರಬಾರದು, ಅಷ್ಟಾದರೂ ಉಸಿರು ಏರಬೇಕು. ವಾರಕ್ಕೆ 150 ನಿಮಿಷ ಅಂಥ ಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇನ್ನೊಂದು ವಿಷಯ: ಸೈಕಲ್ಲಿನ ಸೀಟು ನಮ್ಮ ಭಾರ ಹೊರುವುದರಿಂದ ಮೂಳೆಗೆ ಸಿಗುವ ಲಾಭ ಕಡಿಮೆ. ಮುಟ್ಟು ನಿಂತ ನಮ್ಮಂಥವರು ನಡೆಯುವುದನ್ನು ಬಿಡಬಾರದು.

ಆದರೂ ಆ ನಗು ನನ್ನನ್ನು ಕಾಡುತ್ತದೆ. 2006-07ರಲ್ಲಿ ನಮ್ಮ ಸರಕಾರ ಎಂಟನೇ ತರಗತಿಯ ಹುಡುಗಿಯರಿಗೆ ಸೈಕಲ್ ಕೊಡತೊಡಗಿದಾಗ, ಬ್ರಹ್ಮಾವರದ ಗದ್ದೆಬದಿಯ ದಾರಿಗಳಲ್ಲಿ ಅವರು ಗುಂಪಾಗಿ ಬರುವುದನ್ನು ಕಣ್ತುಂಬ ನೋಡಿದ್ದೇನೆ. ಮದುವೆಯಾದ ಮೇಲೆ ಅವರಲ್ಲಿ ಸೈಕಲ್ ತುಳಿದವರನ್ನು ನಾನು ಕಂಡಿಲ್ಲ. ಹೆಂಗಸರಿಗೆ ಮನೆಗೆಲಸವೇ ವ್ಯಾಯಾಮ ಎನ್ನುವವರು, ಅವಳು ರಸ್ತೆಯಲ್ಲಿ ಏದುಸಿರು ಬಿಟ್ಟರೆ ನಗುತ್ತಾರೆ. ಬ್ಯಾಟರಿಯ ನೆರವು ಪಡೆದರೂ ನಗುತ್ತಾರೆ.

ಹಾಗಾಗಿ ನನ್ನ ತೀರ್ಪು ಇಷ್ಟೆ: ಹಿಡಿ ತಿರುವುವ ಗಾಡಿ ವಾಹನ, ತುಳಿದು ಓಡಿಸುವುದು ವ್ಯಾಯಾಮ. ಕೊಳ್ಳುವ ಮುನ್ನ ತುಳಿದು ನೋಡಿ. ಕೊಂಡ ಮೇಲೆ ಸಹಾಯವನ್ನು ಒಂದೊಂದೇ ಮೆಟ್ಟಿಲು ಇಳಿಸಿ.

ಮುಂದಿನ ಸಂತೆಯಲ್ಲಿ ಅವರಿಗೆ ಹೇಳಿದೆ: "ಬ್ಯಾಟ್ರಿ ಏರಿಗೆ, ಕಾಲು ನಂಗೆ."