ಪಾಠ ಮುಗಿದ ಮೇಲಿನ ಚಿತ್ರ

ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಚಿತ್ರಕ್ಕೆ ಬರವಿಲ್ಲ. ಕಾಂಪೌಂಡಿನ ಮೇಲೆ ರೈಲುಬೋಗಿ, ಗೋಡೆಯ ಮೇಲೆ ರಾಷ್ಟ್ರನಾಯಕರು, ಒಳಗೆ ಹೋದರೆ ತಂತಿಗೆ ತೂಗುಬಿಟ್ಟ ಕಾಗದದ ಗಿಳಿ, ಬಣ್ಣ ತುಂಬಿದ ಮಾವಿನಹಣ್ಣು. ಕಡೂರು ತಾಲ್ಲೂಕಿನ ಎಮ್ಮೆದೊಡ್ಡಿಯ ಕಡೆಗೆ ಹೋಗಿ, ತರೀಕೆರೆ, ಅಜ್ಜಂಪುರದ ಹಳ್ಳಿಗಳಿಗೆ ಹೋಗಿ, ಸರ್ಕಾರಿ ಶಾಲೆ ಎಂದರೆ ಕಣ್ಣಿಗೆ ಬೀಳುವುದು ಹೆಚ್ಚುಕಡಿಮೆ ಇದೇ. ಕೇಳಬೇಕಾದ ಪ್ರಶ್ನೆ ಬೇರೆ. ಇವುಗಳಲ್ಲಿ ಮಗು ತಾನೇ ನೋಡಿ ಬರೆದದ್ದೆಷ್ಟು? ಬರೆಯುತ್ತ ಬರೆಯುತ್ತ ಹೊಸದಾಗಿ ತಿಳಿದುಕೊಂಡದ್ದೆಷ್ಟು? ಪಾಠದೊಳಗೆ ಕಲೆಯನ್ನು ಬೆರೆಸಬೇಕೆಂಬ ಮಾತು ಈಗ ಎಲ್ಲ ತರಬೇತಿಗಳಲ್ಲೂ ಕೇಳುತ್ತದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಅದನ್ನು ಗಟ್ಟಿಯಾಗಿ ಹೇಳಿತ್ತು, 2020ರ ಶಿಕ್ಷಣ ನೀತಿ ಇನ್ನೊಮ್ಮೆ ಹೇಳಿತು. ಮಾತು ಸರಿಯಾಗಿಯೇ ಇದೆ. ತರಗತಿಗೆ ಬರುವಷ್ಟರಲ್ಲಿ ಅದು ಏನಾಗಿದೆ ಎಂಬುದನ್ನು ನಿಷ್ಠುರವಾಗಿ ನೋಡಬೇಕಾಗಿದೆ.

ನಮ್ಮಲ್ಲಿ ಈ ಪ್ರಯೋಗದ ಅತಿ ದೊಡ್ಡ ರೂಪ ನಲಿ-ಕಲಿ. ರಿಷಿವ್ಯಾಲಿಯ ಮಾದರಿಯಿಂದ ಪ್ರೇರಣೆ ಪಡೆದು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಇದು, 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ 1 ಮತ್ತು 2ನೇ ತರಗತಿಗೆ, ಬಳಿಕ 3ನೇ ತರಗತಿಗೂ ಬಂತು. ಅದರ ಉಪಕಾರವನ್ನು ಮರೆಯಬಾರದು. ಚಿತ್ರ ಬರೆಯುವುದು ತುಂಟತನವಲ್ಲ, ಕಲಿಕೆಯ ಒಂದು ಮೆಟ್ಟಿಲು ಎಂದು ಅದು ಒಪ್ಪಿಕೊಂಡಿತು. ಮಗುವಿನ ಕೈಗೆ ಎಟುಕುವ ಎತ್ತರದಲ್ಲಿ ಕಪ್ಪುಹಲಗೆ ತಂದಿತು. ಮಕ್ಕಳು ಮಾಡಿದ್ದನ್ನು ತಲೆಯ ಮೇಲೆ ತೂಗುಹಾಕಲು ಕಲಿಕಾ ಚಪ್ಪರ ಕಟ್ಟಿತು. ಮನೆಯಲ್ಲಿ ಬಣ್ಣದ ಪೆಟ್ಟಿಗೆ ಕಂಡಿರದ ಮಗುವಿನ ಚಿತ್ರವೂ ಆ ಚಪ್ಪರದಲ್ಲಿ ತೂಗಿತು. ಇದು ಸಣ್ಣ ಸಂಗತಿಯಲ್ಲ.

ಆದರೆ ಅಲ್ಲಿನ ಚಿತ್ರದ ಕೆಲಸ ಬಹುಪಾಲು ‘ಬಣ್ಣ ತುಂಬು’, ‘ಚುಕ್ಕಿ ಸೇರಿಸು’, ‘ನೋಡಿ ಬರೆ’ ಎಂಬಲ್ಲಿಗೆ ನಿಂತುಬಿಡುತ್ತದೆ. ಗೆರೆ ಇನ್ನೊಬ್ಬರದು, ಬಣ್ಣ ಮಾತ್ರ ಮಗುವಿನದು. ಆಕಾರ ಹೀಗೇ ಇರಬೇಕೆಂದು ಮೊದಲೇ ನಿಶ್ಚಯವಾಗಿರುವಾಗ ಮಗು ನೋಡಬೇಕಾದದ್ದೇನೂ ಉಳಿಯುವುದಿಲ್ಲ. ಗೆರೆ ದಾಟದೆ ಬಣ್ಣ ಹಚ್ಚುವುದೊಂದೇ ಜಾಣತನವಾಗುತ್ತದೆ. 4ನೇ ತರಗತಿಗೆ ಕಾಲಿಟ್ಟರೆ ಅಷ್ಟೂ ಇಲ್ಲ. ಚಪ್ಪರ ಹೋಗಿ ನೋಟ್‌ಬುಕ್ಕು ಬರುತ್ತದೆ, ಚಿತ್ರ ‘ಪ್ರಾಜೆಕ್ಟ್’ ಆಗುತ್ತದೆ. ಪ್ರಾಜೆಕ್ಟ್ ಎಂದರೆ ಸ್ಟೇಷನರಿ ಅಂಗಡಿಯ ಚಾರ್ಟು, ಅದರಿಂದ ಕತ್ತರಿಸಿ ಅಂಟಿಸಿದ ಹಣ್ಣು-ತರಕಾರಿ, ಅಪ್ಪನೋ ಅಣ್ಣನೋ ಕೊರೆದುಕೊಟ್ಟ ಥರ್ಮಾಕೋಲಿನ ಜ್ವಾಲಾಮುಖಿ. ಅಂಕ ಬೀಳುವುದು ಅದರ ಅಚ್ಚುಕಟ್ಟಿಗೆ. ಅಂಗಡಿಗೆ ಹೋಗಲು ದುಡ್ಡಿಲ್ಲದ ಮನೆಯ ಮಗು ಇಲ್ಲಿ ಸೋಲುತ್ತದೆ. ಸೋತದ್ದು ಕಲಿಕೆಯಲ್ಲಲ್ಲ, ಕೊಳ್ಳುವ ಶಕ್ತಿಯಲ್ಲಿ. ಇನ್ನು ಪ್ರತಿಭಾ ಕಾರಂಜಿ. ಚಿತ್ರ, ರಂಗೋಲಿ, ಜೇಡಿಮಣ್ಣಿನ ಕೆಲಸಕ್ಕೆ ಅದು ವೇದಿಕೆ ಕೊಟ್ಟಿದೆ, ನಿಜ. ಆದರೆ ಸ್ಪರ್ಧೆ ಚೆನ್ನಾಗಿ ಬರೆಯುವ ಒಬ್ಬಳನ್ನು ಹುಡುಕುತ್ತದೆ. ಪಾಠ ಮಾಡುವವರಿಗೆ ಬೇಕಾದದ್ದು ಬರೆಯಲು ಅಂಜುವ ಉಳಿದ ಹತ್ತು ಮಕ್ಕಳು.

ಅಮೆರಿಕದ ಕಲಾಶಿಕ್ಷಣ ಚಿಂತಕಿ ಲಿಯೋರಾ ಬ್ರೆಸ್ಲರ್ 1995ರಲ್ಲಿ ಶಾಲೆಗಳನ್ನು ಗಮನಿಸಿ, ಕಲೆ ಪಾಠದೊಡನೆ ಬೆರೆಯುವ ನಾಲ್ಕು ಬಗೆಗಳನ್ನು ಗುರುತಿಸಿದರು. ಕಲೆ ಬೇರೆ ವಿಷಯದ ಊಳಿಗ ಮಾಡುವುದು ಒಂದು. ಎರಡೂ ಸರಿಸಮನಾಗಿ ಕೂಡುವುದು ಇನ್ನೊಂದು. ಮನಸ್ಸಿನ ಉಲ್ಲಾಸಕ್ಕಾಗಿ ಬರುವುದು ಮೂರನೆಯದು. ಶಾಲೆಯ ಸಮಾರಂಭಕ್ಕಾಗಿ, ಊರವರನ್ನು ಕೂಡಿಸುವುದಕ್ಕಾಗಿ ಬರುವುದು ನಾಲ್ಕನೆಯದು. ನಮ್ಮಲ್ಲಿ ಮೊದಲನೆಯದು ಮತ್ತು ಕೊನೆಯದು ಧಾರಾಳವಾಗಿವೆ, ಎರಡನೆಯದು ಅಪರೂಪ. ಗಿಡದ ಭಾಗಗಳ ಪಾಠ ಮುಗಿದ ಮೇಲೆ ‘ಗಿಡದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ’ ಎನ್ನುತ್ತೇವೆ. ಉತ್ತರ ಮೊದಲೇ ಸಿಕ್ಕಿದೆ, ಚಿತ್ರ ಅದಕ್ಕೆ ಅಲಂಕಾರ. ನನ್ನ ತಕರಾರು ಇಷ್ಟೇ: ಚಿತ್ರ ಉತ್ತರದ ಹಿಂದೆ ಬರಬಾರದು, ಪ್ರಶ್ನೆಯ ಜೊತೆಗೆ ಬರಬೇಕು.

ಹಾಗೆಂದರೇನು ಎಂಬುದಕ್ಕೆ ಇದೇ ಸೀಮೆಯ ಉದಾಹರಣೆಗಳು ಸಾಕು. ಅಜ್ಜಂಪುರದಲ್ಲಿ ಅಮೃತ ಮಹಲ್ ತಳಿಯ ಸಂವರ್ಧನಾ ಕೇಂದ್ರವಿದೆ. ಅರಮನೆಯ ದನಗಳನ್ನು ನೋಡಿಕೊಳ್ಳುತ್ತಿದ್ದ, ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಎನಿಸಿಕೊಂಡಿತು. ದನ ಮೇಯುವ ಕಾವಲುಗಳ ಹೆಸರಲ್ಲಿ ಆ ನೆನಪು ಈ ಕಡೆ ಇನ್ನೂ ಉಳಿದಿದೆ. ಇಂಥ ಸೀಮೆಯ ಮಗುವಿಗೆ ‘ಹಸುವಿನ ಚಿತ್ರ ಬರೆ’ ಎಂದರೆ ಅದು ಬರೆಯುವುದು ಚಾರ್ಟಿನಲ್ಲಿರುವ ಕಪ್ಪು-ಬಿಳಿ ಮಚ್ಚೆಯ ಸೀಮೆಹಸುವನ್ನು. ಪ್ರಶ್ನೆ ಬದಲಿಸಿ ನೋಡಿ: ‘ನಿಮ್ಮ ಮನೆಯ ದನ ಮಲಗಿದ್ದು ಏಳುವಾಗ ಮೊದಲು ಯಾವ ಕಾಲು ಎತ್ತುತ್ತದೆ? ಮೂರು ಚಿತ್ರದಲ್ಲಿ ತೋರಿಸು.’ ದಿನವೂ ಕೊಟ್ಟಿಗೆಗೆ ಹೋಗಿಬರುವ ಮಗುವಿಗೂ ಥಟ್ಟನೆ ಹೇಳಲು ಆಗುವುದಿಲ್ಲ. ಸಂಜೆ ಹೋಗಿ ನೋಡಲೇಬೇಕು. ದನ ಮಲಗುವಾಗ ಮುಂಗಾಲು ಮಡಿಸಿ ಮಂಡಿಯೂರುತ್ತದೆ, ಏಳುವಾಗ ಹಿಂಭಾಗವನ್ನು ಮೊದಲು ಎತ್ತುತ್ತದೆ. ಕುದುರೆ ಹಾಗಲ್ಲ, ಮುಂಗಾಲು ಊರಿಕೊಂಡು ಏಳುತ್ತದೆ. ಮಾರನೆಯ ದಿನ ತರುವ ಮೂರು ಚಿತ್ರದಲ್ಲಿ ಕಾಲು ಸೊಟ್ಟಗಿರಬಹುದು, ದನ ನಾಯಿಯಂತೆ ಕಾಣಬಹುದು. ಅಡ್ಡಿಯಿಲ್ಲ. ಆ ಮಗು ಕೀಲು, ತೂಕ, ಚಲನೆ ಮೂರನ್ನೂ ಕಂಡಿದೆ. ಕೊಂಬು ಬುಡದಲ್ಲಿ ಹತ್ತಿರವಿದ್ದು ಹಿಂದಕ್ಕೆ ಬಾಗಿ ಚೂಪಾಗುವ ಅಮೃತ ಮಹಲ್ ದನವನ್ನೂ ಸೀಮೆಹಸುವನ್ನೂ ಪಕ್ಕಪಕ್ಕ ಬರೆಸಿದರೆ ತಳಿ ಎಂಬುದರ ಅರ್ಥವನ್ನು ಬೇರೆ ಹೇಳಿಕೊಡಬೇಕಿಲ್ಲ.

ಗಣಿತಕ್ಕೆ ರಂಗೋಲಿ ಇದೆ. ಇದನ್ನು ಸ್ಪರ್ಧೆಯ ದಿನಕ್ಕೆ ಮೀಸಲಿಟ್ಟು ನಾವು ದೊಡ್ಡ ನಷ್ಟ ಮಾಡಿಕೊಂಡಿದ್ದೇವೆ. 7ರಿಂದ 1ರವರೆಗೆ ನೇರ ಚುಕ್ಕಿ ಇಡಿ ಎಂದು ಯಾವ ಹೆಣ್ಣುಮಗಳಿಗೆ ಹೇಳಿದರೂ ಇಡುತ್ತಾಳೆ: ನಡುವೆ 7, ಮೇಲೆ ಕೆಳಗೆ 5, 3, 1. ಒಟ್ಟು ಚುಕ್ಕಿ ಎಷ್ಟು? ಕೂಡಿದರೆ 25. ಈಗ ಸಾಲಿನ ತುದಿಯಿಂದ ಹಿಡಿದು ಒಂದು ಬಿಟ್ಟು ಒಂದು ಚುಕ್ಕಿಗೆ ಕೆಮ್ಮಣ್ಣು ಹಾಕಿಸಿ. ಕೆಂಪು ಚುಕ್ಕಿ 16, ಬಿಳಿ ಚುಕ್ಕಿ 9. ತಲೆ ಓರೆ ಮಾಡಿ ನೋಡಿದರೆ ನಾಲ್ಕರ ಚೌಕದೊಳಗೆ ಮೂರರ ಚೌಕ ಹೆಣೆದುಕೊಂಡಿರುವುದು ಕಾಣುತ್ತದೆ. ಅದೇ 7ರಿಂದ 4ರವರೆಗೆ ಸಂದು ಚುಕ್ಕಿ ಇಟ್ಟರೆ ಆಕಾರ ಆರು ಮೂಲೆಯದಾಗುತ್ತದೆ, ಚುಕ್ಕಿ 37 ಆಗುತ್ತದೆ. ಯಾಕೆ ಎಂದು ಮಕ್ಕಳೇ ಕೇಳುತ್ತಾರೆ. ಇಲ್ಲಿ ಚಿತ್ರ ಗಣಿತದ ಊಳಿಗ ಮಾಡುತ್ತಿಲ್ಲ, ಗಣಿತವೂ ಚಿತ್ರದ ಊಳಿಗ ಮಾಡುತ್ತಿಲ್ಲ. ಒಂದನ್ನು ಬಿಟ್ಟರೆ ಇನ್ನೊಂದು ಇಲ್ಲ. ಬ್ರೆಸ್ಲರ್ ಹೇಳುವ ಸರಿಸಮನಾದ ಕೂಡಿಕೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಅದು ಬೆಳಗಾದರೆ ನಮ್ಮ ಹೊಸಿಲ ಮುಂದೆಯೇ ಇದೆ.

ಪರಿಸರ ಅಧ್ಯಯನಕ್ಕೆ ನೀರು ಇದೆ. ಎಮ್ಮೆದೊಡ್ಡಿ ಸೀಮೆಯ ಮದಗದ ಕೆರೆ ಜನಪದ ಹಾಡಿನಿಂದ ನಾಡಿಗೆಲ್ಲ ಗೊತ್ತು. ಬಾಬಾಬುಡನ್ ಬೆಟ್ಟಸಾಲಿನಿಂದ ಇಳಿದು ಈ ಕೆರೆ ತುಂಬುವ ಹಳ್ಳ ಅವತಿ. ಸಖರಾಯಪಟ್ಟಣದ ಅಯ್ಯನಕೆರೆಯನ್ನು ತುಂಬುವುದು ವೇದಾ. ಎರಡೂ ಕಡೂರಿನ ಬಳಿ ಕೂಡಿ ವೇದಾವತಿಯಾಗಿ ಬಯಲಿಗೆ ಹರಿದು ವಾಣಿವಿಲಾಸ ಸಾಗರ ಸೇರುತ್ತವೆ. ಪುಸ್ತಕದ ಭೂಪಟದಲ್ಲಿ ಇದು ಕೂದಲೆಳೆಯಷ್ಟು ಗೆರೆ. ಶಾಲೆಯ ಜಗುಲಿಯ ಮೇಲೆ ಸೀಮೆಸುಣ್ಣದಲ್ಲಿ ಬೆಟ್ಟದಿಂದ ಕೆರೆಗೆ, ಕೆರೆಯಿಂದ ತೂಬಿಗೆ, ತೂಬಿನಿಂದ ತಮ್ಮ ಹೊಲಕ್ಕೆ ಗೆರೆ ಎಳೆಯಬೇಕಾದರೆ ಮಕ್ಕಳು ಅಜ್ಜನನ್ನು ಕೇಳಬೇಕು, ದಿಕ್ಕು ತಿಳಿಯಬೇಕು, ಎತ್ತರ ತಗ್ಗು ಲೆಕ್ಕಕ್ಕೆ ಬರಬೇಕು. ಕೋಡಿ ಬಿದ್ದರೆ ನೀರು ಯಾವ ಕಡೆ ಹೋಗುತ್ತದೆ ಎಂಬಲ್ಲಿ ಮಕ್ಕಳೊಳಗೇ ಜಗಳವಾಗಬೇಕು. ಆ ಜಗಳವೇ ಪಾಠ.

ಕಥೆ ಹೇಳುವ ಚಿತ್ರಕ್ಕೆ ತರೀಕೆರೆ ತಾಲ್ಲೂಕಿನ ಅಮೃತಾಪುರವಿದೆ. 1196ರಲ್ಲಿ ಇಮ್ಮಡಿ ಬಲ್ಲಾಳನ ದಂಡನಾಯಕ ಕಟ್ಟಿಸಿದ ಅಮೃತೇಶ್ವರ ದೇವಾಲಯದ ತೆರೆದ ಮಂಟಪದ ಹೊರಗೋಡೆಯಲ್ಲಿ ಚಿತ್ರಫಲಕಗಳ ಸಾಲೇ ಇದೆ. ತೆಂಕಣ ಗೋಡೆಯಲ್ಲಿ ರಾಮಾಯಣದ 70, ಬಡಗಣ ಗೋಡೆಯಲ್ಲಿ ಕೃಷ್ಣನ ಕಥೆಯ 25, ಮಹಾಭಾರತದ 45. ರಾಮಾಯಣ ಮಾತ್ರ ವಾಡಿಕೆಗೆ ವಿರುದ್ಧವಾಗಿ ಅಪ್ರದಕ್ಷಿಣೆಯಾಗಿ ಸಾಗುತ್ತದೆ. ಪ್ರವಾಸಕ್ಕೆಂದು ಹೋದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆಸಿ ಕರೆತರುವ ಬದಲು, ಒಬ್ಬೊಬ್ಬರಿಗೂ ಒಂದೊಂದು ಫಲಕ ಕೊಟ್ಟು ಅದರ ಮುಂದೆ ಅರ್ಧ ಗಂಟೆ ಕೂರಿಸಿದರೆ? ಯಾರು ದೊಡ್ಡವರಾಗಿ ಕೆತ್ತಲ್ಪಟ್ಟಿದ್ದಾರೆ, ಯುದ್ಧದ ಗದ್ದಲವನ್ನು ಒಂದೇ ಚೌಕದೊಳಗೆ ಹೇಗೆ ಹಿಡಿದಿದ್ದಾರೆ, ಮುಂದಿನ ಫಲಕಕ್ಕೆ ಕಥೆ ಎಲ್ಲಿ ದಾಟಿತು ಎಂದು ಬರೆಯುತ್ತಲೇ ತಿಳಿಯುತ್ತದೆ. ಮರಳಿ ಬಂದು ತಮ್ಮೂರ ಜಾತ್ರೆಯನ್ನು ನಾಲ್ಕು ಚೌಕದಲ್ಲಿ ಬರೆಯಲು ಹೇಳಿದರೆ, ಏನನ್ನು ಬಿಡಬೇಕು, ಏನನ್ನು ಇಟ್ಟುಕೊಳ್ಳಬೇಕು ಎಂಬ ಪ್ರಬಂಧ ರಚನೆಯ ಪಾಠವೂ ಅದರಲ್ಲೇ ಆಗಿಹೋಗುತ್ತದೆ.

ಇದಕ್ಕೆ ಎದುರಾಗಿ ಬರುವ ಮಾತುಗಳನ್ನು ಹಗುರವಾಗಿ ತೆಗೆದುಕೊಳ್ಳಲಾಗದು. ಮೊದಲನೆಯದು, ಕಲಾಶಿಕ್ಷಕರೇ ಇಲ್ಲವಲ್ಲ ಎಂಬುದು. ನಿಜ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಅರೆಕಾಲಿಕ ಕಲಾಬೋಧಕರನ್ನು ಹೇಳುವುದು 6ರಿಂದ 8ನೇ ತರಗತಿಗೆ, ಅದೂ ಮಕ್ಕಳ ಸಂಖ್ಯೆ 100 ದಾಟಿದರೆ. ಚಿತ್ರವೇ ಮಗುವಿನ ಮೊದಲ ಬರಹವಾಗಿರುವ ವಯಸ್ಸಿಗೆ ಕಾಯ್ದೆಯಲ್ಲಿ ಕಲಾಬೋಧಕರಿಲ್ಲ. ಸಣ್ಣ ಊರಿನ ಶಾಲೆಗೆ ಮುಂದೆಯೂ ಇಲ್ಲ. ಇದು ಅನ್ಯಾಯ, ತಿದ್ದಬೇಕಾದದ್ದು. ಅಲ್ಲಿಯವರೆಗೆ ಎರಡು-ಮೂರು ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಂಡು ಪಾಠ ಮಾಡುವ ಟೀಚರಿಗೆ ಕಲೆಯನ್ನು ಬೇರೆ ಪೀರಿಯಡ್ಡಾಗಿ ಕೊಡುವುದು ಹೊರೆ. ಪಾಠದೊಳಗೇ ಬಂದರೆ ಮಾತ್ರ ಅದು ಉಳಿಯುತ್ತದೆ.

ಎರಡನೆಯದು, ತಮಗೇ ಚಿತ್ರ ಬರುವುದಿಲ್ಲ ಎಂಬ ಶಿಕ್ಷಕರ ಅಳುಕು. ಇಲ್ಲಿ ಬೇಕಾದದ್ದು ಬರೆಯುವ ಕೈಗಿಂತ ಮಗುವಿನ ಚಿತ್ರವನ್ನು ಓದುವ ಕಣ್ಣು. ವಿಕ್ಟರ್ ಲೊವೆನ್‌ಫೆಲ್ಡ್ 1947ರ ತಮ್ಮ ಗ್ರಂಥದಲ್ಲಿ ಮಕ್ಕಳ ಚಿತ್ರದ ಹಂತಗಳನ್ನು ಬಿಡಿಸಿಟ್ಟರು. ಏಳೆಂಟು ವರ್ಷದ ಮಗು ಮನೆ ಬರೆದರೆ ಗೋಡೆಯ ಆಚೆಯ ಒಲೆಯೂ ಕಾಣುತ್ತದೆ, ಮರ ಬರೆದರೆ ಮಣ್ಣೊಳಗಿನ ಬೇರೂ ಕಾಣುತ್ತದೆ. ಕಣ್ಣಿಗೆ ಕಂಡದ್ದಕ್ಕಿಂತ ತನಗೆ ಗೊತ್ತಿರುವುದನ್ನು ಅದು ಬರೆಯುತ್ತಿದೆ. ಅದನ್ನು ತಪ್ಪೆಂದು ಒರೆಸುವ ಬದಲು ‘ಬೇರು ಎಷ್ಟು ಆಳ ಹೋಗಿದೆ?’ ಎಂದು ಕೇಳುವ ಶಿಕ್ಷಕಿ ವಿಜ್ಞಾನದ ಪಾಠ ಶುರುಮಾಡಿದಂತೆಯೇ. ಸೇವಾಗ್ರಾಮದಲ್ಲಿ ಮಕ್ಕಳಿಗೆ ಕಲೆ ಕಲಿಸಿದ ದೇವಿಪ್ರಸಾದ್, ಪುತ್ತೂರಿನ ಬಾಲವನದಲ್ಲಿ 1930ರ ದಶಕದಲ್ಲೇ ಮಕ್ಕಳ ಶಿಕ್ಷಣದ ಪ್ರಯೋಗಕ್ಕಿಳಿದ ಶಿವರಾಮ ಕಾರಂತರು ನಂಬಿದ್ದು ಮಗುವಿನ ಈ ಸ್ವಂತ ನೋಟವನ್ನೇ.

ಮೂರನೆಯದು, ಇದರಿಂದ ಅಂಕ ಹೆಚ್ಚುತ್ತದೆಯೇ ಎಂಬ ಪ್ರಶ್ನೆ. ಕಲೆಯ ಪರವಾಗಿ ಮಾತಾಡುವವರು ಹೌದೆಂದು ಸುಲಭವಾಗಿ ಹೇಳಿಬಿಡುತ್ತಾರೆ. ಹಾರ್ವರ್ಡಿನ ಎಲೆನ್ ವಿನ್ನರ್ ಮತ್ತು ಲೋಯಿಸ್ ಹೆಟ್‌ಲ್ಯಾಂಡ್ 2000ದಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒರೆಗೆ ಹಚ್ಚಿ, ದೃಶ್ಯಕಲೆಯಿಂದ ಬೇರೆ ವಿಷಯಗಳ ಅಂಕ ಏರುತ್ತದೆ ಎನ್ನಲು ಪುರಾವೆ ಸಾಲದು ಎಂದರು. 2016ರಲ್ಲಿ ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಸಂಶೋಧಕರು, ಪದವನ್ನು ಬರೆದು ಕಲಿತದ್ದಕ್ಕಿಂತ ಅದರ ಚಿತ್ರ ಬಿಡಿಸಿ ಕಲಿತದ್ದು ಹೆಚ್ಚು ನೆನಪಿರುತ್ತದೆ ಎಂದು ತೋರಿಸಿದರು. ಎರಡನ್ನೂ ಒಟ್ಟಿಗೆ ಓದಬೇಕು. ಕಲೆಯನ್ನು ಅಂಕದ ಔಷಧಿಯಾಗಿ ಮಾರಿದರೆ ಅಂಕ ಬಾರದ ದಿನ ಅದನ್ನು ಹೊರಗಿಡುತ್ತಾರೆ. ಮಗು ಕಲಿಯಬೇಕಾದ ವಿಷಯವನ್ನೇ ಬರೆಯುತ್ತಿದ್ದರೆ ಮಾತ್ರ ಗೆರೆ ಕಲಿಕೆಗೆ ಒದಗುತ್ತದೆ. ಬೇರೆಯವರ ಗೆರೆಯೊಳಗೆ ಬಣ್ಣ ತುಂಬುವುದರಿಂದ ಅಷ್ಟು ಲಾಭವನ್ನು ನಿರೀಕ್ಷಿಸಲಾಗದು.

ಭರವಸೆಯ ಕೆಲಸಗಳೂ ನಡೆದಿವೆ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ 2009ರಿಂದ ನಡೆಸಿಕೊಂಡು ಬಂದ ‘ಕಲಿ-ಕಲಿಸು’ ಕಾರ್ಯಕ್ರಮ ಸರ್ಕಾರಿ ಶಾಲೆಯ ಶಿಕ್ಷಕರ ಕೈಗೇ ಯೋಜನೆ ಕೊಟ್ಟು, ಊರಿನ ಕಲೆ-ಕಸುಬುಗಳನ್ನು ಪಾಠಕ್ಕೆ ತರಲು ನೆರವಾಯಿತು. ದಾರಿ ಸರಿಯಾದದ್ದು. ಅದರ ಮಿತಿಯೂ ಅಲ್ಲೇ ಇದೆ: ಒಬ್ಬ ಉತ್ಸಾಹಿ ಶಿಕ್ಷಕರ ಮೇಲೆ ನಿಂತ ಕೆಲಸ ಅವರ ವರ್ಗಾವಣೆಯೊಡನೆ ನಿಂತುಹೋಗಬಹುದು. ಶಾಲೆಯ ರೂಢಿಯಾಗಿ ಬೇರೂರಿದರೆ ಮಾತ್ರ ಅದಕ್ಕೆ ಆಯುಷ್ಯ.

ಹಾಗಾಗಿ ನಾನು ಕೇಳುವುದು ಹೊಸ ಯೋಜನೆಯನ್ನಲ್ಲ, ಇರುವುದರಲ್ಲಿ ಮೂರು ತಿದ್ದುಪಡಿ. ನಲಿ-ಕಲಿಯ ಬಣ್ಣ ತುಂಬುವ ಕಾರ್ಡುಗಳಲ್ಲಿ ಅರ್ಧದಷ್ಟಾದರೂ ಖಾಲಿ ಹಾಳೆಯಾಗಲಿ, ಅದರ ತುದಿಯಲ್ಲಿ ‘ಹೋಗಿ ನೋಡು’ ಎಂಬ ಪ್ರಶ್ನೆ ಇರಲಿ. 4 ಮತ್ತು 5ನೇ ತರಗತಿಯ ಪ್ರಾಜೆಕ್ಟಿಗೆ ಅಂಗಡಿಯ ಚಾರ್ಟು, ಥರ್ಮಾಕೋಲು ಬೇಡವೆಂದು ಶಾಲೆಯೇ ತೀರ್ಮಾನಿಸಲಿ. ಕೆಮ್ಮಣ್ಣು, ಇದ್ದಿಲು, ಮುತ್ತುಗದ ಹೂವಿನ ಬಣ್ಣ, ಹಳೆಯ ಹಾಳೆಯ ಬೆನ್ನು ಸಾಕು. ಮೌಲ್ಯಮಾಪನದಲ್ಲಿ ಅಂಕ ಚಿತ್ರದ ಅಂದಕ್ಕೆ ಬೇಡ, ಮಗು ತನ್ನ ಚಿತ್ರ ತೋರಿಸಿ ಹೇಳುವ ನಾಲ್ಕು ಮಾತಿಗೆ ಸಿಗಲಿ: ಏನು ನೋಡಿದೆ, ಮೊದಲು ಏನೆಂದುಕೊಂಡಿದ್ದೆ, ಈಗ ಏನು ಗೊತ್ತಾಯಿತು. ಇವಕ್ಕೆ ಹಣವೂ ಬೇಡ, ಸುತ್ತೋಲೆಗಾಗಿ ಕಾಯುವುದೂ ಬೇಡ. ಎಮ್ಮೆದೊಡ್ಡಿಯ ಕಡೆಯ ಒಂದು ಶಾಲೆಯಲ್ಲಿ ಒಬ್ಬ ಶಿಕ್ಷಕಿ ನಾಳೆಯ ಪರಿಸರ ಪಾಠವನ್ನು ‘ನೋಡಿಕೊಂಡು ಬಂದು ಬರೆಯಿರಿ’ ಎಂದು ಆರಂಭಿಸಿದರೆ ಅಲ್ಲಿಗೆ ಈ ಸುಧಾರಣೆ ಶುರುವಾಯಿತು. ಅವರ ಬೆನ್ನಿಗೆ ನಿಲ್ಲುವುದು, ಮಕ್ಕಳು ತರುವ ಸೊಟ್ಟ ಗೆರೆಗಳನ್ನು ಗೌರವದಿಂದ ನೋಡುವುದು ಮುಖ್ಯಶಿಕ್ಷಕರ, ತಪಾಸಣೆಗೆ ಬರುವ ಅಧಿಕಾರಿಗಳ ಮತ್ತು ತಂದೆ-ತಾಯಂದಿರ ಹೊಣೆ.